ಊರಲ್ಲಿ ಸರ್ವೆ ಮಾಡಿದ ಲೆಕ್ಕವನ್ನು ಆ ಊರಿಗೇ ವಾಪಸ್ ಕೊಡೋದು ಹೇಗೆ?

ತೊಗರಿ ಸೀಮೆ

ಎಲ್ಲರಿಗೂ ನಮಸ್ಕಾರ. ನಾನು ಕಲ್ಯಾಣ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಅರ್ಥಶಾಸ್ತ್ರ ಎರಡನೇ ವರ್ಷ ಓದುತ್ತಿದ್ದೇನೆ. ಎರಡು ತಿಂಗಳಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಗೆಳತಿಯರಿಗೆ ಹೇಳಿದರೆ ಮೊದಲು ಪ್ರಾಜೆಕ್ಟ್ ಮುಗಿಸ್ಕೋ ಅಂತಾರೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಪ್ರಾಜೆಕ್ಟಿಗೆ ಅಂತ ಆಳಂದ ಕಡೆಯ ಒಂದು ಹಳ್ಳಿಯಲ್ಲಿ 96 ಮನೆ ಸರ್ವೆ ಮಾಡಿದೆ. ತೊಗರಿ ಬೆಳೆಯೋಕೆ ಏನು ಖರ್ಚು, ಎಲ್ಲಿ ಮಾರುತ್ತಾರೆ, ಯಾರ ಹತ್ತಿರ ಸಾಲ, ಯಾರು ಗುಳೆ ಹೋಗುತ್ತಾರೆ, ಇಷ್ಟು. ಪ್ರಶ್ನಾವಳಿ 14 ಪುಟ. ಒಂದು ಮನೆಗೆ ಕಡಿಮೆ ಅಂದ್ರೂ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಜನ ಹೊಲದ ಕೆಲಸ ಬಿಟ್ಟು ಕೂತು ಉತ್ತರ ಕೊಟ್ಟರು. ಎಷ್ಟೋ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಹಾಕಿ ಊಟ ಮಾಡಿಸಿ ಕಳಿಸಿದರು. ನಾನು ಏನು ಕೊಟ್ಟೆ? ಕೊನೆಯಲ್ಲಿ 'ಧನ್ಯವಾದ' ಅಂತ ಹೇಳಿ ಎದ್ದು ಬಂದೆ, ಅಷ್ಟೇ.

ಓಣಿಯ ಕೊನೆ ಮನೆಯಲ್ಲಿ ಒಬ್ಬರು ಆಯಿ ಇದ್ದರು. ಮಗ, ಸೊಸೆ ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ, ಇಬ್ಬರು ಮೊಮ್ಮಕ್ಕಳು ಇವರ ಹತ್ತಿರ. ಮೂರು ಎಕರೆ ತೊಗರಿ. ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಟ್ರ್ಯಾಕ್ಟರ್ ಬಾಡಿಗೆ, ಔಷಧ, ಕೂಲಿಯಾಳು ಅಂತ ನಾನು ಒಂದೊಂದೇ ಕೇಳುತ್ತಾ ಹೋದೆ. ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಾ ಹೇಳುತ್ತಾ ಹೋದರು. ಎಲ್ಲ ಮುಗಿದ ಮೇಲೆ ಮೊರ ಕೆಳಗಿಟ್ಟು ಕೇಳಿದರು: "ಸದಿ (ಕಳೆ) ತೆಗೆದಾಕಿ ನಾನು, ಕುಡಿ ಚಿವುಟಿದಾಕಿ ನಾನು, ಹಂದಿ ಕಾಯಲಿಕ್ಕೆ ರಾತ್ರಿ ಹೊಲದಾಗ ಮಲಗಿದಾಕಿ ನಾನು. ನನ್ನ ಕೂಲಿ ಇದರಾಗ ಎಲ್ಲಿ ಬರೆದೀ ಯವ್ವಾ?"

ಪ್ರಶ್ನಾವಳಿಯಲ್ಲಿ 'ಕುಟುಂಬದ ಶ್ರಮ' ಅಂತ ಒಂದು ಸಾಲು ಇತ್ತು. ಅದರಲ್ಲಿ ಎಷ್ಟು ದಿನ ಅಂತ ಬರೆದಿದ್ದೆ, ರೂಪಾಯಿಯ ಜಾಗ ಖಾಲಿ ಬಿಟ್ಟಿದ್ದೆ. 96 ಮನೆಗೂ ಖಾಲಿ. ಯಾರೂ ಬರೆಯಬೇಕು ಅಂತ ಹೇಳಿಕೊಟ್ಟಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಆಮೇಲೆ ಆಯಿ ಇನ್ನೊಂದು ಮಾತು ಕೇಳಿದರು. "ನಾಕು ವರ್ಷದ ಹಿಂದೂ ಇಬ್ಬರು ಹುಡುಗರು ಬಂದು ಹಿಂಗೇ ಬರಕೊಂಡು ಹೋದರು. ಆ ಕಾಗದ ಏನಾತು?"

ವಾಪಸ್ ಬಂದ ಮೇಲೆ ವಿಭಾಗದಲ್ಲಿ ಹುಡುಕಿದೆ. ಆ ಪ್ರಾಜೆಕ್ಟ್ ಇದೆ. ರಟ್ಟು ಹಾಕಿ, ಮೇಲೆ ಚಿನ್ನದ ಬಣ್ಣದ ಅಕ್ಷರ ಬರೆಸಿ ಕಪಾಟಿನಲ್ಲಿ ಇಟ್ಟಿದ್ದಾರೆ. ಇಂಗ್ಲಿಷಿನಲ್ಲಿದೆ. ಧೂಳು ನೋಡಿದರೆ ಪರೀಕ್ಷೆ ಆದ ಮೇಲೆ ಯಾರೂ ತೆಗೆದಂತಿಲ್ಲ. ನನ್ನ ಗೈಡ್ ಒಳ್ಳೆಯವರು, ಆದರೆ ಊರಿಗೆ ಹೋಗಿ ಹೇಳಿ ಬರುತ್ತೇನೆ ಅಂದ್ರೆ 'ಅದು ಸಿಲಬಸ್ಸಿನಲ್ಲಿಲ್ಲ, ಅದಕ್ಕೆ ಅಂಕ ಇಲ್ಲ, ಯಾಕೆ ಸುಮ್ನೆ ತೊಂದರೆ' ಅಂದರು.

ನನ್ನ ಪ್ರಶ್ನೆ ಇದು. ಸರ್ವೆ ಲೆಕ್ಕವನ್ನು ಆ ಊರಿನವರಿಗೇ ವಾಪಸ್ ಹೇಳುವ ಕೆಲಸ ಯಾರಾದರೂ ಮಾಡಿದ್ದೀರಾ? ಹೇಗೆ ಮಾಡಿದಿರಿ? ಊರವರಿಗೆ ಅದರಿಂದ ಏನಾದರೂ ಉಪಯೋಗ ಆಯ್ತಾ? ಮತ್ತೆ ಆಯಿ ಕೂಲಿ ಎಲ್ಲಿ ಬರೆಯಬೇಕು?

ಪುಣೆ ಕನ್ನಡಿಗ

ತಂಗಿ, ನಾನು ವಿಜಯಪುರದವನು, ಎಂ.ಎ. ಮಾಡಿದ್ದು ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟಿನಲ್ಲಿ. ನೀನು ಕೇಳಿದ್ದು ಹೊಸ ಪ್ರಶ್ನೆ ಅಲ್ಲ, ನಮ್ಮ ಸಂಸ್ಥೆ ಹುಟ್ಟಿದ ಕಾಲದ ಪ್ರಶ್ನೆ. ಅದಕ್ಕೆ ಆ ಕಥೆ ಹೇಳುತ್ತೇನೆ.

ಆರ್. ಆರ್. ಕಾಳೆ ಅನ್ನೋರು ಕೊಟ್ಟ ದತ್ತಿ ಹಣದಿಂದ 1930ರಲ್ಲಿ ಆ ಸಂಸ್ಥೆ ಶುರುವಾಯ್ತು. ಮೊದಲ ನಿರ್ದೇಶಕರು ಧನಂಜಯರಾವ್ ಗಾಡ್ಗೀಳ್. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಶುರುವಿನ ವರ್ಷಗಳಲ್ಲಿ ಅವರು ಹಿಡಿದ ವಿಷಯಗಳನ್ನು ನೋಡು. ಪುಣೆಯ ಮಾರುಕಟ್ಟೆಗೆ ಹಣ್ಣು ಹೇಗೆ ಬರುತ್ತೆ, ನಡುವೆ ಯಾರ ಕೈಗೆ ಎಷ್ಟು ಹೋಗುತ್ತೆ. ಮುಂಬಯಿ ಪ್ರಾಂತ್ಯದ ಆರು ಜಿಲ್ಲೆಗಳಲ್ಲಿ ಬಸ್ಸುಗಳು ಹೇಗೆ ಓಡುತ್ತವೆ. ವಾಯಿ ತಾಲ್ಲೂಕಿನ ರೈತನಿಗೆ ಹೊಲದಿಂದ ಏನು ಉಳಿಯುತ್ತೆ. ಆಮೇಲೆ ಪುಣೆ ಊರಿನದೇ ಮನೆ ಮನೆ ಸರ್ವೆ. ದೊಡ್ಡ ಸಿದ್ಧಾಂತ ಬರೆಯೋಕೆ ಬೇಕಾದ ಓದು ಅವರಿಗಿತ್ತು, ಕೇಂಬ್ರಿಜ್‌ನಲ್ಲಿ ಓದಿ ಬಂದವರು. ಆದರೂ ಮನೆ ಬಾಗಿಲಲ್ಲಿ ನಡೆಯೋದನ್ನೇ ಮೊದಲು ಎಣಿಸಿದರು.

ಎಣಿಸಿ ಸುಮ್ಮನೆ ಕೂರಲಿಲ್ಲ ಅನ್ನೋದು ಮುಖ್ಯ. ಅಹಮದ್‌ನಗರ ಜಿಲ್ಲೆಯ ಲೋಣಿಯಲ್ಲಿ ವಿಠ್ಠಲರಾವ್ ವಿಖೆ ಪಾಟೀಲ್ ಅಂತ ಒಬ್ಬ ರೈತ, ಶಾಲೆ ಹೆಚ್ಚು ಓದಿದವರಲ್ಲ. ಕಬ್ಬು ಬೆಳೆಯುವವರೇ ಸೇರಿ ಸಕ್ಕರೆ ಕಾರ್ಖಾನೆ ಕಟ್ಟಬೇಕು ಅಂತ ಹಟ ಹಿಡಿದು ಊರೂರು ತಿರುಗಿ ಷೇರು ಹಣ ಕೂಡಿಸಿದರು. ಅವರ ಜತೆ ನಿಂತವರು ಇದೇ ಗಾಡ್ಗೀಳರು. ಪ್ರವರಾ ಸಹಕಾರಿ ಕಾರ್ಖಾನೆಯ ಮೊದಲ ಅಧ್ಯಕ್ಷರೂ ಅವರೇ. ಅರ್ಥಶಾಸ್ತ್ರದ ಮೇಷ್ಟ್ರು ಕಬ್ಬಿನ ರೈತರ ಸಭೆಯಲ್ಲಿ ಕೂತು ಲೆಕ್ಕ ನೋಡುತ್ತಿದ್ದರು. 1950-51ರಲ್ಲಿ ಅಲ್ಲಿ ಕಬ್ಬು ಅರೆಯೋಕೆ ಶುರುವಾಯ್ತು. ಆಮೇಲೆ ಮಹಾರಾಷ್ಟ್ರದಲ್ಲಿ, ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಎಷ್ಟು ಸಹಕಾರಿ ಕಾರ್ಖಾನೆ ಬಂದವು ಅಂತ ನಿನಗೆ ಗೊತ್ತೇ ಇದೆ. ಅವುಗಳಲ್ಲಿ ಮುಂದೆ ರಾಜಕೀಯ ಹೊಕ್ಕಿದ್ದು ಬೇರೆ ಮಾತು, ಅದಕ್ಕೆ ಇನ್ನೊಂದು ದಿನ ಬೇಕು.

ನಿನ್ನ ಗೈಡಿಗೆ ಇದನ್ನು ಹೇಳು ಅಂತ ಅಲ್ಲ, ಅವರಿಗೂ ಗೊತ್ತಿರುತ್ತೆ. ನೀನು ಮಾಡೋಕೆ ಹೊರಟಿರೋದು ಸಿಲಬಸ್ಸಿನ ಹೊರಗಿನ ಕೆಲಸ ಅಲ್ಲ ಅಂತ ನಿನಗೆ ಧೈರ್ಯ ಬರಲಿ ಅಂತ ಹೇಳಿದೆ. ಒಂದೇ ಸಲಹೆ: ಊರಿಗೆ 80 ಪುಟ ಒಯ್ಯಬೇಡ, ಕನ್ನಡದಲ್ಲಿ ಒಂದು ಹಾಳೆ ಒಯ್ಯಿ.

ಹತ್ತು ತಾಲ್ಲೂಕು ಅಲೆದವನು

ನಾನು ಹನ್ನೊಂದು ವರ್ಷ ಬೇರೆ ಬೇರೆ ಸಂಶೋಧನಾ ಯೋಜನೆಗಳಲ್ಲಿ ಫೀಲ್ಡ್ ಇನ್ವೆಸ್ಟಿಗೇಟರ್ ಆಗಿದ್ದೆ. ರಾಯಚೂರು, ಕೊಪ್ಪಳ, ಯಾದಗಿರಿ, ಆಮೇಲೆ ಚಾಮರಾಜನಗರ. ಎಷ್ಟು ಸಾವಿರ ಮನೆಯ ಕಟ್ಟೆ ಮೇಲೆ ಕೂತಿದ್ದೇನೋ ಲೆಕ್ಕ ಇಟ್ಟಿಲ್ಲ. 'ಆ ಕಾಗದ ಏನಾತು' ಅನ್ನೋ ಪ್ರಶ್ನೆ ನನಗೂ ಎಲ್ಲ ಊರಲ್ಲೂ ಬಂದಿದೆ. ಒಂದು ಊರಿಗೂ ನಾನು ಉತ್ತರ ಒಯ್ದಿಲ್ಲ. ಇವತ್ತಿಗೂ ಅದು ನನಗೆ ನೋವಿನ ವಿಷಯ. ಹಾಗಾಗಿ ನಿಮ್ಮ ಪೋಸ್ಟ್ ಓದಿ ಎರಡು ವಿಷಯ ಹೇಳಲೇಬೇಕು ಅನ್ನಿಸಿತು.

ಮೊದಲು ಆಯಿ ಕೂಲಿ. ಸರ್ಕಾರ ಬೆಂಬಲ ಬೆಲೆ ನಿಗದಿ ಮಾಡುವಾಗ ಖರ್ಚನ್ನು ಬೇರೆ ಬೇರೆ ಥರ ಎಣಿಸುತ್ತೆ. ರೈತ ಕೈಯಿಂದ ಕೊಟ್ಟಿದ್ದೆಲ್ಲ, ಅಂದ್ರೆ ಬೀಜ, ಗೊಬ್ಬರ, ಔಷಧ, ಕೂಲಿಯಾಳು, ಬಾಡಿಗೆ ಟ್ರ್ಯಾಕ್ಟರ್, ಲಾವಣಿ (ಗುತ್ತಿಗೆ) ಹಾಕಿಕೊಂಡ ಹೊಲಕ್ಕೆ ಕೊಟ್ಟದ್ದು, ಇದು 'ಎ2'. ಇದಕ್ಕೆ ಮನೆಯವರ ದುಡಿಮೆಗೆ ಬೆಲೆ ಕಟ್ಟಿ ಸೇರಿಸಿದರೆ 'ಎ2+ಎಫ್ಎಲ್'. ಸ್ವಂತ ಹೊಲದ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿಯನ್ನೂ ಹಿಡಿದರೆ 'ಸಿ2'. ಖರ್ಚಿನ ಒಂದೂವರೆ ಪಟ್ಟು ಬೆಂಬಲ ಬೆಲೆ ಅಂತ 2018ರ ಬಜೆಟ್ಟಿನಲ್ಲಿ ಹೇಳಿದರಲ್ಲ, ಅದು ಎ2+ಎಫ್ಎಲ್ ಮೇಲೆ ಲೆಕ್ಕ ಹಾಕಿದ್ದು. ರೈತ ಸಂಘದವರು ಸಿ2 ಮೇಲೆ ಕೊಡಿ ಅಂತ ಕೇಳೋದು ಇದಕ್ಕೇ. ತೊಗರಿಗೆ ಕ್ವಿಂಟಲಿಗೆ 2024-25ರಲ್ಲಿ 7,550 ಇತ್ತು, 2025-26ಕ್ಕೆ 8,000 ಮಾಡಿದರು.

ಅಂದ್ರೆ ಆಯಿ ಕೇಳಿದ ಪ್ರಶ್ನೆಯ ಮೇಲೆ ದೇಶದ ಬೆಲೆ ನಿಂತಿದೆ. ಆ ಜಾಗ ಖಾಲಿ ಬಿಡಬೇಡಿ. ಆ ಊರಲ್ಲಿ ಕೂಲಿಯವರಿಗೆ ಏನು ಕೊಡುತ್ತಾರೋ ಅದೇ ದರ ಹಿಡಿಯಿರಿ. ಹೆಣ್ಣಾಳಿಗೆ 300 ಇದ್ದರೆ, ಆಯಿ 50 ದಿನ ದುಡಿದಿದ್ದರೆ, 15,000. ದಿನ ಕೇಳುವಾಗ 'ಒಟ್ಟು ಎಷ್ಟು ದಿನ' ಅಂತ ಕೇಳಬೇಡಿ, ಯಾರಿಗೂ ನೆನಪಿರಲ್ಲ. ಬಿತ್ತುವಾಗ ಎಷ್ಟು, ಎಡೆ ಹೊಡೆಯುವಾಗ ಎಷ್ಟು, ಸದಿಗೆ ಎಷ್ಟು ಸಲ, ಔಷಧ ಹೊಡೆದಾಗ ನೀರು ಹೊತ್ತವರು ಯಾರು, ರಾಶಿಗೆ ಎಷ್ಟು, ಹೀಗೆ ಕೆಲಸದ ಮೇಲೆ ಕೇಳಿ. ಹೆಂಗಸರು ತಮ್ಮ ದಿನಗಳನ್ನು ಯಾವಾಗಲೂ ಕಡಿಮೆ ಹೇಳುತ್ತಾರೆ, 'ಅದೇನು ಕೆಲಸ, ಮನೆ ಹೊಲ ಅಲ್ವಾ' ಅಂತ. ಎರಡನೇ ಸಲ ಕೇಳಲೇಬೇಕು.

ಇನ್ನು ಎರಡನೆಯದು ಎಚ್ಚರಿಕೆ. ವಾಪಸ್ ಕೊಡಿ, ಖಂಡಿತ ಕೊಡಿ. ಆದರೆ ಸಾಲದ ಲೆಕ್ಕವನ್ನು ಊರ ಮುಂದೆ ಓದಬೇಡಿ. ಹೆಸರು ತೆಗೆದರೆ ಸಾಕು ಅಂತ ಪುಸ್ತಕದಲ್ಲಿ ಇರುತ್ತೆ, ಹಳ್ಳಿಯಲ್ಲಿ ಅದು ಸಾಕಾಗಲ್ಲ. ಊರಲ್ಲಿ ಎರಡೇ ಮನೆಗೆ ಬೋರ್ ಇದ್ದರೆ, 'ಬೋರ್ ಇರುವವರ ಸಾಲ ಇಷ್ಟು' ಅಂದ ತಕ್ಷಣ ಎಲ್ಲರೂ ತಿರುಗಿ ಆ ಇಬ್ಬರ ಮುಖ ನೋಡುತ್ತಾರೆ. ಆ ಇಬ್ಬರು ಮುಂದೆ ಯಾವ ಹುಡುಗಿಗೂ ಬಾಗಿಲು ತೆಗೆಯಲ್ಲ.

ತೊಗರಿ ಸೀಮೆ

ಸರ್, ಕೆಲಸದ ಮೇಲೆ ಕೇಳಬೇಕು ಅನ್ನೋದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಮತ್ತೆ 96 ಮನೆಗೂ ಹೋಗಬೇಕಾಗುತ್ತೆ ಅನ್ನಿಸುತ್ತೆ. ಹೋಗುತ್ತೇನೆ. ಪುಣೆ ಅಣ್ಣ, ಒಂದು ಹಾಳೆ ಅಂದಿರಲ್ಲ, ಅದರಲ್ಲಿ ಏನು ಬರೆಯಲಿ? ಊರವರಿಗೆ ತಮ್ಮ ಊರಿನ ಬಗ್ಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಅಂತ ಯೋಚನೆ.

ಸಂಘದ ಅಕ್ಕ

ತಂಗಿ, ನಾನು ಓದಿದ್ದು ಹತ್ತನೇ ತರಗತಿ. ಕೊಪ್ಪಳ ಕಡೆ ನಮ್ಮದು, ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ನಾನೇ ಬರೆಯೋದು. ನನ್ನ ಮಗ ಈ ಪ್ರಶ್ನೆ ತೋರಿಸಿದ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ, ಯಾಕಂದ್ರೆ ನಮ್ಮ ಊರಿಗೆ ಒಬ್ಬಳು ಹುಡುಗಿ ವಾಪಸ್ ಬಂದಿದ್ದಳು.

ಎಂ.ಎ. ಓದುವ ಹುಡುಗಿ. ಮೊದಲ ಸಲ ಬಂದಾಗ ಎಲ್ಲರ ಥರ ಬರೆದುಕೊಂಡು ಹೋದಳು. ಎರಡು ತಿಂಗಳ ಮೇಲೆ ಒಂದು ಭಾನುವಾರ ಮತ್ತೆ ಬಂದಳು, ಕೈಯಲ್ಲಿ ಮಡಚಿದ ಒಂದು ದೊಡ್ಡ ಡ್ರಾಯಿಂಗ್ ಹಾಳೆ. ಅಂಗನವಾಡಿಯಲ್ಲಿ ಸಂಘದವರು ಹದಿನಾಲ್ಕು ಜನ ಕೂತಿದ್ದೆವು. ಅವಳು ಯಾರ ಸಾಲದ ಮಾತೂ ಎತ್ತಲಿಲ್ಲ. 'ಒಬ್ಬಾಕೆ 50,000 ತಗೊಂಡಳು ಅಂತ ಇಟ್ಟುಕೊಳ್ಳಿ' ಅಂತ ಶುರು ಮಾಡಿದಳು.

ಫೈನಾನ್ಸಿನವರು ನೂರಕ್ಕೆ ವರ್ಷಕ್ಕೆ 12 ಬಡ್ಡಿ ಅಂತ ಹೇಳುತ್ತಾರೆ. 50,000ಕ್ಕೆ ಬಡ್ಡಿ 6,000. ಒಟ್ಟು 56,000, ಹನ್ನೆರಡು ಕಂತು, ತಿಂಗಳಿಗೆ 4,667 ರೂಪಾಯಿ. ನಾವೆಲ್ಲ ಹೌದು ಹೌದು ಅಂದೆವು, ಬ್ಯಾಂಕಿನಷ್ಟೇ ಆಯ್ತಲ್ಲ ಅಂದೆವು. ಆಗ ಅವಳು ಹಾಳೆ ಬಿಚ್ಚಿ ಗೋಡೆಗೆ ಅಂಟಿಸಿದಳು. ಹನ್ನೆರಡು ಕಂಬ ಬರೆದಿದ್ದಳು, ಮೊದಲನೆಯದು ಎತ್ತರ, ಆಮೇಲೆ ಇಳಿಯುತ್ತಾ ಇಳಿಯುತ್ತಾ ಕೊನೆಯದು ಬೆರಳಷ್ಟು. 'ಅಕ್ಕಾ, ನೀವು ಪ್ರತಿ ತಿಂಗಳು ಅಸಲೂ ಕಟ್ಟುತ್ತೀರಿ. ಆರು ತಿಂಗಳು ಕಟ್ಟಿದ ಮೇಲೆ ನಿಮ್ಮ ಹತ್ತಿರ ಅವರ ದುಡ್ಡು ಉಳಿದಿರೋದು 25,000. ಆದರೆ ಬಡ್ಡಿ ಹಾಕಿದ್ದು ಮಾತ್ರ ಕೊನೇ ತನಕ 50,000ಕ್ಕೆ. ಇಡೀ ವರ್ಷ ಸರಾಸರಿ ಹಿಡಿದರೆ ನಿಮ್ಮ ಕೈಯಲ್ಲಿ ಇದ್ದದ್ದು ಸುಮಾರು 27,000. 27,000ಕ್ಕೆ 6,000 ಬಡ್ಡಿ ಅಂದ್ರೆ ನೂರಕ್ಕೆ ಎಷ್ಟು?' ಅಂತ ನನ್ನನ್ನೇ ಕೇಳಿದಳು. ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. 22 ಬಂತು.

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೂರು ವರ್ಷದಿಂದ ಕಂತು ಕಟ್ಟುತ್ತಾ ಬಂದವರು ನಾವು.

ಅವತ್ತೇ ಸಾಲ ಬಿಟ್ಟುಬಿಟ್ಟೆವು ಅಂತ ಸುಳ್ಳು ಹೇಳಲ್ಲ. ಮಗಳ ಮದುವೆ ಬಂದರೆ, ಆಸ್ಪತ್ರೆ ಬಂದರೆ ಯಾರು ಕೊಡುತ್ತಾರೋ ಅವರ ಹತ್ತಿರ ಹೋಗಲೇಬೇಕು. ಆದರೆ ಅವತ್ತಿನಿಂದ ಯಾರೇ ಬಂದರೂ ನಮ್ಮವರು ಮೊದಲು ಕೇಳೋದು ಒಂದೇ: 'ಬಡ್ಡಿ ಉಳಿದ ಅಸಲಿಗೋ, ಪೂರ್ತಿ ಅಸಲಿಗೋ?' ಸಂಘದ ಉಳಿತಾಯದಿಂದ ಒಳಗೊಳಗೇ ಕೊಡುವ ಸಾಲ ಜಾಸ್ತಿ ಮಾಡಿಕೊಂಡೆವು. ಆ ಹಾಳೆ ಅಂಗನವಾಡಿ ಗೋಡೆ ಮೇಲೆ ಎರಡು ವರ್ಷ ಇತ್ತು, ಸುಣ್ಣ ಹೊಡೆದಾಗ ಹೋಯ್ತು.

ಊರವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಅಂತ ಕೇಳಿದಿರಲ್ಲ. ನಮಗೆ ನಮ್ಮ ನಮ್ಮ ಮನೆಯದು ಗೊತ್ತು ತಂಗಿ. ಎಲ್ಲ ಮನೆಯದು ಒಟ್ಟು ಸೇರಿಸಿದರೆ ಏನು ಕಾಣುತ್ತೆ ಅನ್ನೋದು ನಮಗೆ ಗೊತ್ತಿಲ್ಲ. ಅದು ನಿಮಗೆ ಗೊತ್ತು.

ಧಾರವಾಡದ ಮೇಷ್ಟ್ರು

ಈ ಅಕ್ಕನವರು ಬರೆದದ್ದನ್ನು ಎರಡು ಸಲ ಓದಿದೆ. ನಾನು ಪದವಿ ಕಾಲೇಜಿನಲ್ಲಿ 31 ವರ್ಷ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಸರಳ ಬಡ್ಡಿ, ಇಳಿಯುವ ಬಾಕಿ ಎಲ್ಲ ಬೋರ್ಡಿನ ಮೇಲೆ ಬರೆದಿದ್ದೇನೆ, ಆದರೆ ಅಂಗನವಾಡಿ ಗೋಡೆಗೆ ಅಂಟಿಸಬೇಕು ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳಿಲ್ಲ. ಹೇಳಬೇಕಿತ್ತು.

ಹಳ್ಳಿ ಸರ್ವೆ ಅನ್ನೋದು ನಮ್ಮ ಕಡೆ ನೂರು ವರ್ಷ ಹಿಂದಿನದು. 1916ರ ಹೊತ್ತಿಗೆ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಗಿಲ್ಬರ್ಟ್ ಸ್ಲೇಟರ್ ಅಂತ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಬಂದರು. ಅವರು ತಮ್ಮ ವಿದ್ಯಾರ್ಥಿಗಳ ಕೈಗೆ ಪ್ರಶ್ನೆಗಳ ಪಟ್ಟಿ ಕೊಟ್ಟು, ನಿಮ್ಮ ನಿಮ್ಮ ಊರಿಗೆ ಹೋಗಿ ಬರೆದುಕೊಂಡು ಬನ್ನಿ ಅಂತ ಕಳಿಸಿದರು. ಅದರಲ್ಲಿ ಇರುವೇಲ್‌ಪಟ್ಟು ಅನ್ನೋ ತಮಿಳು ಹಳ್ಳಿಯೂ ಒಂದು. 1930ರ ದಶಕದಲ್ಲಿ ಅದೇ ಊರುಗಳಿಗೆ ಬೇರೆ ಸಂಶೋಧಕರು ಮತ್ತೆ ಹೋದರು. ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಹೋದರು. ಹೀಗೆ ಹೋದದ್ದರಿಂದ ಒಂದು ಊರಿನ ಜಮೀನು ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ತಲೆಮಾರು ತಲೆಮಾರು ಹೇಳಲು ಸಾಧ್ಯವಾಯ್ತು.

ನಮ್ಮ ವಿಭಾಗಗಳಲ್ಲಿ ಆಗುವ ತಪ್ಪು ಇಲ್ಲೇ. ಪ್ರತಿ ವರ್ಷ ಪ್ರತಿ ವಿದ್ಯಾರ್ಥಿ ಹೊಸ ಊರು, ಹೊಸ ಪ್ರಶ್ನಾವಳಿ. ಒಂದಕ್ಕೊಂದು ಕೂಡುವುದಿಲ್ಲ. ಅದರ ಬದಲು ವಿಭಾಗವೇ ಸುತ್ತಲಿನ ಹತ್ತು ಊರು ಆರಿಸಿಕೊಂಡು, ಒಂದೇ ಪ್ರಶ್ನಾವಳಿ ಇಟ್ಟುಕೊಂಡು, ಐದು ವರ್ಷಕ್ಕೊಮ್ಮೆ ಅದೇ ಮನೆಗಳಿಗೆ ಹೋದರೆ ಹೇಗಿರುತ್ತೆ ಯೋಚನೆ ಮಾಡಿ. ಆಯಿ ಕೇಳಿದ 'ನಾಕು ವರ್ಷದ ಹಿಂದಿನ ಕಾಗದ' ಇವತ್ತು ನಿಮ್ಮ ಕೈಯಲ್ಲಿ ಇರುತ್ತಿತ್ತು. ಆಗಿನ ಸಾಲ ಎಷ್ಟು, ಈಗಿನದು ಎಷ್ಟು ಅಂತ ಹೇಳಬಹುದಿತ್ತು.

ನಿಮ್ಮ ಭಾಗಕ್ಕೆ ಇದು ಇನ್ನೂ ಮುಖ್ಯ. ಡಾ. ಡಿ. ಎಂ. ನಂಜುಂಡಪ್ಪನವರು ಅರ್ಥಶಾಸ್ತ್ರದ ಪ್ರಾಧ್ಯಾಪಕರು, ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಪ್ರಾದೇಶಿಕ ಅಸಮತೋಲನದ ಬಗ್ಗೆ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನು ಇಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನು ಅಳೆದರು. 114 ಹಿಂದುಳಿದವು ಅಂತ ಬಂತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದವು. ಆ ಒಂದು ಲೆಕ್ಕ ಇಲ್ಲದಿದ್ದರೆ 'ನಮಗೆ ಅನ್ಯಾಯ ಆಗಿದೆ' ಅನ್ನೋದು ಭಾಷಣದ ಮಾತಾಗಿಯೇ ಉಳಿಯುತ್ತಿತ್ತು. ಲೆಕ್ಕ ಬಂದ ಮೇಲೆ ಬಜೆಟ್ಟಿನಲ್ಲಿ ಕೇಳಲು ಒಂದು ಆಧಾರ ಸಿಕ್ಕಿತು. ಆದರೆ ಅದು ತಾಲ್ಲೂಕಿನ ಲೆಕ್ಕ. ತಾಲ್ಲೂಕಿನೊಳಗೆ ಯಾವ ಊರು, ಊರಿನೊಳಗೆ ಯಾವ ಓಣಿ, ಯಾವ ತಾಂಡಾ ಅನ್ನೋದನ್ನು ಹತ್ತಿರ ಇರುವ ವಿಶ್ವವಿದ್ಯಾಲಯದ ವಿಭಾಗವೇ ಹೇಳಬೇಕು. ಬೆಂಗಳೂರಿನಿಂದ ಬಂದು ಹೇಳೋಕೆ ಆಗಲ್ಲ.

ಇನ್ನೊಂದು ದಾರಿ ಹೇಳುತ್ತೇನೆ, ಗೈಡ್ ಒಪ್ಪುವಂಥದ್ದು. ನಿಮ್ಮಲ್ಲಿ ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ಇರಲೇಬೇಕು. ಎನ್ಎಸ್ಎಸ್ ಶುರುವಾಗಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ, ಮೊದಲು 37 ವಿಶ್ವವಿದ್ಯಾಲಯಗಳಲ್ಲಿ. ಆಗ ಕೇಂದ್ರದ ಶಿಕ್ಷಣ ಸಚಿವರು ಯಾರು ಗೊತ್ತಾ? ವಿ. ಕೆ. ಆರ್. ವಿ. ರಾವ್. ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್ ಕಟ್ಟಿದ ಅರ್ಥಶಾಸ್ತ್ರಜ್ಞರು, ಆಮೇಲೆ 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಕಟ್ಟಿದವರೂ ಅವರೇ. ಎನ್ಎಸ್ಎಸ್ ಶಿಬಿರ ಅಂದ್ರೆ ನಾವು ಗುಡಿ ಮುಂದೆ ಕಸ ಗುಡಿಸಿ, ಗಿಡ ನೆಟ್ಟು ಬರುತ್ತೇವೆ. ಅದೂ ಬೇಕು. ನೀವು ಈ ಸಲದ ಶಿಬಿರವನ್ನು ಆ ಊರಲ್ಲೇ ಇಡಿಸಿ, ಒಂದು ಸಂಜೆ ಲೆಕ್ಕ ವಾಪಸ್ ಕೊಡೋಕೆ ಇಟ್ಟುಕೊಳ್ಳಿ. ಖರ್ಚೂ ಬರುತ್ತೆ, ಅನುಮತಿಯೂ ಸಿಗುತ್ತೆ. ಗ್ರಾಮ ಸಭೆ ಇದ್ದಾಗ ಅಲ್ಲಿಯೂ ಓದಿ, ಪಂಚಾಯಿತಿ ದಾಖಲೆಯಲ್ಲಿ ಬರಲಿ.

ಹತ್ತು ತಾಲ್ಲೂಕು ಅಲೆದವನು

ಮೇಷ್ಟ್ರೇ, ಉಳಿದಿದ್ದೆಲ್ಲ ಒಪ್ಪುತ್ತೇನೆ, ಗ್ರಾಮ ಸಭೆ ಮಾತು ಮಾತ್ರ ಒಪ್ಪಲಾರೆ. ಗ್ರಾಮ ಸಭೆಯಲ್ಲಿ ಮುಂದಿನ ಸಾಲಲ್ಲಿ ಕೂರುವವರು ಯಾರು? ಸಾಲ ಕೊಡುವವರು, ತೊಗರಿ ಕೊಳ್ಳುವವರು ಅಲ್ಲೇ ಇರುತ್ತಾರೆ. ಅವರ ಮುಂದೆ 'ಈ ಊರವರು ಉದ್ರಿ ತಗೊಂಡು ಅದೇ ಅಂಗಡಿಗೆ ಬೆಳೆ ಹಾಕುತ್ತಾರೆ' ಅಂತ ಈ ಹುಡುಗಿ ಓದಿದರೆ, ಅವಳು ಬಸ್ ಹತ್ತಿ ಹೋಗುತ್ತಾಳೆ, ಮಾತಾಡಿದವರು ಅಲ್ಲೇ ಬಾಳಬೇಕು. ಮೊದಲು ಓಣಿ ಓಣಿಯಲ್ಲಿ, ಹೆಂಗಸರ ಜತೆ ಬೇರೆ, ಕೂಲಿಯವರ ಜತೆ ಬೇರೆ ಕೂತು ಹೇಳಲಿ. ಯಾವುದನ್ನು ಊರ ಮುಂದೆ ಹೇಳಬಹುದು ಅಂತ ಅವರೇ ಆರಿಸಲಿ.

ಧಾರವಾಡದ ಮೇಷ್ಟ್ರು

ಸರಿ, ಇದು ನನಗೆ ಹೊಳೆದಿರಲಿಲ್ಲ. ಓಣಿಯಲ್ಲೇ ಮೊದಲು. ಗ್ರಾಮ ಸಭೆಗೆ ಬೆಳೆ ಖರ್ಚು, ಗುಳೆ, ಬಸ್ಸು, ಶಾಲೆ ಇಂಥದ್ದು ಸಾಕು. ಸಾಲದ ಮಾತು ಬೇಡ. ಹಾಳೆಯ ಒಂದು ಪ್ರತಿಯನ್ನು ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದ್ರೆ ಊರಿನ ಗ್ರಂಥಾಲಯದಲ್ಲಿ ಇಡಿ, ಅಲ್ಲಿ ಮಕ್ಕಳು ಓದುತ್ತಾರೆ. ಇನ್ನೊಂದು ವಿಭಾಗದ ಕಪಾಟಿನಲ್ಲಿ, ಖಾಲಿ ಪ್ರಶ್ನಾವಳಿಯ ಜತೆ. ಮುಂದಿನ ವರ್ಷದವರು ಅದೇ ಊರಿಗೆ ಹೋಗಲಿ.

ತೊಗರಿ ಸೀಮೆ

ಎಲ್ಲರಿಗೂ ದೊಡ್ಡ ನಮಸ್ಕಾರ. ಹತ್ತು ದಿನ ಆಯ್ತು ಬರೆದು, ಈ ನಡುವೆ ಆದದ್ದು ಹೇಳಿಬಿಡುತ್ತೇನೆ.

ಹೋದ ಶನಿವಾರ, ಭಾನುವಾರ ಊರಿಗೆ ಹೋಗಿ 22 ಮನೆ ಮತ್ತೆ ಕೇಳಿ ಬಂದೆ. ಕೆಲಸದ ಮೇಲೆ ಕೇಳಿದರೆ ಲೆಕ್ಕವೇ ಬೇರೆ ಬರುತ್ತೆ. ಆಯಿ ಮೊದಲ ಸಲ 'ಇಪ್ಪತ್ತು ದಿನ ಇರಬೇಕು' ಅಂದಿದ್ದರು. ಈ ಸಲ ಸದಿ, ಕುಡಿ, ಔಷಧಕ್ಕೆ ನೀರು, ಕಾವಲು, ಕೊಯ್ಲು ಅಂತ ಒಂದೊಂದೇ ಬೆರಳು ಮಡಚುತ್ತಾ ಹೋದೆವು. 64 ದಿನ. ಊರಿನ ದರ 300, ಅಂದ್ರೆ 19,200. ಅವರ ಮೂರು ಎಕರೆಗೆ ನಾನು ಮೊದಲು ಬರೆದಿದ್ದ ಖರ್ಚು 41,000. ಈಗ 60,200. ಹೋದ ವರ್ಷ ಬಂದದ್ದು ಹತ್ತು ಕ್ವಿಂಟಲ್. ಕ್ವಿಂಟಲಿಗೆ 4,100 ಅಂತ ನನ್ನ ಪ್ರಾಜೆಕ್ಟಿನಲ್ಲಿ ಹೋಗುತ್ತಿದ್ದದ್ದು 6,020 ಆಯ್ತು. ಇದನ್ನು ಗೈಡಿಗೆ ತೋರಿಸಿದೆ. ಅವರು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, ಎನ್ಎಸ್ಎಸ್ ಅಧಿಕಾರಿಗೆ ಅವರೇ ಫೋನ್ ಮಾಡಿದರು. ಮುಂದಿನ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ನನ್ನ ಜತೆ ಕರೆದುಕೊಂಡು ಹೋಗು ಅಂತಾನೂ ಹೇಳಿದರು.

ಆಯಿಗೆ 19,200 ಅಂತ ಹೇಳಿದಾಗ ಅವರು ನಂಬಲಿಲ್ಲ. ಮೊಮ್ಮಗನ ಕೈಯಲ್ಲಿ ಇನ್ನೊಂದು ಸಲ ಗುಣಿಸಿಸಿದರು. ಆಮೇಲೆ 'ಇದನ್ನ ನನ್ನ ಮಗ ಬಂದಾಗ ಅವನ ಮುಂದ ಹೇಳು' ಅಂದರು. ಎಳ್ಳ ಅಮಾವಾಸ್ಯೆಗೆ ಮಗ, ಸೊಸೆ ಬರುತ್ತಾರಂತೆ. ಆದರೆ ಆಗ ಎಲ್ಲರೂ ಹೊಲದಲ್ಲಿರುತ್ತಾರೆ, ಆಮೇಲೆ ರಾಶಿ ಶುರು. ಅದಕ್ಕೇ ಓಣಿಯ ಹೆಂಗಸರು ರಾಶಿ ಮುಗಿದ ಮೇಲೆ ಬಾ, ಅದೂ ಸಂಜೆ ಏಳರ ಮೇಲೆ ಅಂದಿದ್ದಾರೆ. ಆಯಿ ಮಗನಿಗೆ ಮಾತ್ರ ಹಬ್ಬದ ದಿನವೇ ಹೋಗಿ ಹೇಳುತ್ತೇನೆ.

ಅಕ್ಕಾ, ಆ ಹುಡುಗಿ ಹಾಳೆ ಎಷ್ಟು ದೊಡ್ಡದು ತಂದಿದ್ದಳು? ಕಂಬ ಬರೆದದ್ದು ಎಲ್ಲರಿಗೂ ಅರ್ಥ ಆಯ್ತಾ?

ಸಂಘದ ಅಕ್ಕ

ಬಾಗಿಲಿನಷ್ಟು ಅಗಲ ಇತ್ತು ತಂಗಿ, ಎರಡು ಹಾಳೆ ಅಂಟಿಸಿ ಮಾಡಿದ್ದಳು. ಕಂಬ ಎಲ್ಲರಿಗೂ ಅರ್ಥ ಆಯ್ತು, ಓದು ಬರದವರಿಗೂ. ಅಂಕಿ ಮಾತ್ರ ಸಣ್ಣದಾಗಿ ಬರೆದಿದ್ದಳು, ಹಿಂದೆ ಕೂತವರಿಗೆ ಕಾಣಲಿಲ್ಲ, ನೀವು ದಪ್ಪಗೆ ಬರೆಯಿರಿ. ಏಳರ ಮೇಲೆ ಅಂದಿದ್ದಾರಲ್ಲ, ಆ ಹೊತ್ತಿಗೆ ಕರೆಂಟ್ ಹೋಗುತ್ತೆ, ಒಂದು ಚಾರ್ಜಿಂಗ್ ದೀಪ ಜತೆಗಿರಲಿ.